ಮನಸ್ಸಿಗೂ ಪಂಚನಾಮೆಯೇ?

ಸಿಟ್ಟು ಬಂದುದು ಅಪರಾಧವೇ? ಇದು ಹರಟೆಯ ಪ್ರಶ್ನೆಯಲ್ಲ. ಸಂಜೆ ಸಯನ್ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮಲ್ಲಿ ಯಾರಿಗೆ ಯಾರ ಮೊಣಕೈ ತಗಲಿಲ್ಲ? ಆ ಕ್ಷಣದಲ್ಲಿ ಎದುರಿನವನಿಗೆ ಒಂದು ಬಾರಿಸಬೇಕೆಂದು ಅನ್ನಿಸದವರು ಯಾರು? ಅನ್ನಿಸುತ್ತದೆ, ಮೆಟ್ಟಿಲು ಇಳಿಯುವುದರೊಳಗೆ ಮರೆತೂ ಹೋಗುತ್ತದೆ. ಅನ್ನಿಸಿದ್ದಕ್ಕೇ ಶಿಕ್ಷೆಯೆಂದಾದರೆ ಒಂದು ಲೋಕಲ್ ಗಾಡಿಯ ಜನಕ್ಕೇ ಆರ್ಥರ್ ರೋಡ್ ಜೈಲು ಸಾಲದು.

ಅಮೇರಿಕದ ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ವಿಜ್ಞಾನ ಧಾರಾವಾಹಿಯಲ್ಲಿ 1997 ರಲ್ಲಿ ಬಂದ ‘ರ್‍ಯಾಂಡಮ್ ಥಾಟ್ಸ್’ ಎಂಬ ಕಂತು ಇದನ್ನೇ ಕಥೆ ಮಾಡಿದೆ. ಆ ಗ್ರಹದ ಜನ ಒಬ್ಬರ ಮನಸ್ಸನ್ನೊಬ್ಬರು ಓದಬಲ್ಲರು. ಅಲ್ಲಿ ಹಿಂಸೆಯ ಯೋಚನೆಗೇ ಕಾನೂನಿನ ನಿಷೇಧ. ಪೇಟೆಯಲ್ಲಿ ಒಬ್ಬನು ಢಿಕ್ಕಿ ಹೊಡೆದಾಗ, ಬಾಹ್ಯಾಕಾಶ ನೌಕೆಯ ಇಂಜಿನಿಯರ್ ಟಾರೆಸ್ ಎಂಬಾಕೆಗೆ ಕ್ಷಣಮಾತ್ರ ಸಿಟ್ಟು ಬರುತ್ತದೆ. ಆ ಯೋಚನೆ ಅಂಟಿಕೊಂಡ ಅವನು ಇನ್ನೊಬ್ಬನನ್ನು ಹೊಡೆಯುತ್ತಾನೆ. ಆದರೆ ಸೆರೆ ಹಿಡಿಯುವುದು ಆಕೆಯನ್ನು! ಶಿಕ್ಷೆಯೆಂದರೆ ಆ ಯೋಚನೆಯನ್ನು ಮಿದುಳಿನಿಂದ ಅಳಿಸುವುದು, ಮಿದುಳು ಕೆಟ್ಟರೂ ಸರಿಯೆ. ಕೊನೆಗೆ ಹೊರಬೀಳುವುದೇನು? ನಿಷೇಧಿತ ಯೋಚನೆಗಳನ್ನು ಮಾರುವ ಕಾಳಸಂತೆಯೇ ಅಲ್ಲಿ ನಡೆದಿದೆ. ಆ ಢಿಕ್ಕಿಯನ್ನೂ ಬೇಕೆಂದೇ ಹೊಡೆಸಿದ್ದು.

ಪರದೇಶದವರ ಕಟ್ಟುಕತೆಯೆಂದು ನಗುವ ಮೊದಲು ನಮ್ಮ ಬೆಂಗಳೂರಿನ ಕಡೆ ನೋಡೋಣ. ಇಪ್ಪತ್ತು ವರ್ಷಗಳ ಹಿಂದೆ ದೇಶದ ಪೊಲೀಸರು ಆರೋಪಿಗಳ ‘ಮನಸ್ಸು ಬಿಚ್ಚಿಸಲು’ ಹೋಗುತ್ತಿದ್ದುದು ಅಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟು, ಅರೆಪ್ರಜ್ಞೆಯಲ್ಲಿ ಮಾತಾಡಿಸುವುದು. ಇದನ್ನೇ ನಾರ್ಕೋ ಎನ್ನುತ್ತಾರೆ. ಛಾಪಾ ಕಾಗದದ ಹಗರಣದ ತೆಲಗಿ ಹೀಗೆ ತೊದಲಿದ್ದನ್ನು ಟಿವಿಯಲ್ಲಿಯೂ ತೋರಿಸಿದರು. ಯೋಚನೆಯ ಕಾಳಸಂತೆಗೆ ಬೇರೆ ಗ್ರಹವೇ ಬೇಕೆ?

ಇನ್ನೊಂದು ವಿದ್ಯೆಯೂ ಬಂತು. ಆರೋಪಿಯ ತಲೆಗೆ ಎಲೆಕ್ಟ್ರೋಡುಗಳ ಟೊಪ್ಪಿ ಹಾಕಿ, ‘ನಾನು ವಿಷ ಕೊಂಡೆ’ ಎಂಬಂಥ ವಾಕ್ಯಗಳನ್ನು ಓದಿ ಹೇಳುವುದು. ಆತ ಬಾಯಿ ತೆರೆಯಬೇಕಾಗಿಲ್ಲ. ಇದು ಅನುಭವವೋ ಬರೇ ಕೇಳಿದ ಸುದ್ದಿಯೋ ಎಂದು ಯಂತ್ರವೇ ಹೇಳುವುದಂತೆ! ಇದನ್ನು ಬೆಳೆಸಿದವರು ಹಿಂದೆ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಮುಕುಂದನ್. 2008 ರಲ್ಲಿ ಪುಣೆಯ ಕೋರ್ಟು ಒಬ್ಬ ವಿದ್ಯಾರ್ಥಿನಿಗೆ ಜೀವಾವಧಿ ವಿಧಿಸಿದಾಗ ಇತರ ಸಾಕ್ಷ್ಯಗಳೊಡನೆ ಈ ಯಂತ್ರದ ವರದಿಯನ್ನೂ ಎತ್ತಿಕೊಂಡಿತು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕ ಡಾ. ನಾಗರಾಜರ ಅಧ್ಯಕ್ಷತೆಯ ತಜ್ಞ ಸಮಿತಿ, ಇದು ವಿಜ್ಞಾನದ ಕಸೋಟಿಯಲ್ಲಿ ನಿಲ್ಲದು, ಸಾಕ್ಷ್ಯವಾಗಿ ಬಳಸಬಾರದು ಎಂದಿತು.

ನಾವು ಬಿ.ಎಸ್‌ಸಿ. ಓದಿದವರು; ವಿಜ್ಞಾನದ ಮೇಲೆ ನಮಗೆ ಹಗೆಯಿಲ್ಲ. ಆದುದರಿಂದಲೇ ಹೇಳುತ್ತೇವೆ. ಸುಳ್ಳುಪತ್ತೆ ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರು. ಹೆದರಿದ ನಿರಪರಾಧಿಯೂ ಬೆವರುತ್ತಾನೆ. ಪಳಗಿದ ಕಳ್ಳ ಬೆವರುವುದಿಲ್ಲ. ಮಿದುಳಿನ ಅಲೆ ಒಂದು ಚಿತ್ರವನ್ನು ಗುರುತಿಸಿತು ಎನ್ನಬಹುದು. ಪೇಪರಿನಲ್ಲಿ ಅದೇ ಚಿತ್ರ ನೋಡಿದವನ ಮಿದುಳೂ ಗುರುತಿಸೀತು. ಮದ್ದಿನ ಅಮಲಿನಲ್ಲಿ ನಿಜದೊಡನೆ ಕನಸೂ ಹೊರಬರುತ್ತದೆ. ಪ್ರಶ್ನೆ ಕೇಳಿದವರ ಮಾತೇ ಉತ್ತರವಾಗಿಯೂ ಬರುತ್ತದೆ.

‘ಬಾಂಬು ಇಡುವವರಿಗೆ ಇಷ್ಟೆಲ್ಲ ಮರ್ಯಾದೆಯೇ?’ ಎಂದು ಕೇಳುವ ಬಂಧುಗಳಿದ್ದಾರೆ. ನ್ಯಾಯವಾದ ಪ್ರಶ್ನೆ. 2006 ರ ಜುಲೈ 11 ರಂದು ಮಾಟುಂಗಾ ರೋಡಿನಿಂದ ಮೀರಾ ರೋಡಿನವರೆಗೆ ಲೋಕಲ್‌ಗಳಲ್ಲಿ ಸತ್ತ ನೂರೆಂಬತ್ತಕ್ಕೂ ಮಿಕ್ಕಿದ ಜನ ನಮ್ಮಂತೆ ಕೆಲಸ ಮುಗಿಸಿ ಮನೆಗೆ ಹೊರಟವರೇ. ಆ ಮೊಕದ್ದಮೆಯ ಆರೋಪಿಗಳನ್ನೂ ನಾರ್ಕೋಗೆ ಬೆಂಗಳೂರಿಗೆ ಒಯ್ದಿದ್ದರು. ಫಲವೇನು? 2015 ರಲ್ಲಿ ಶಿಕ್ಷೆಯಾದ 12 ಮಂದಿಯನ್ನೂ 2025 ರ ಜುಲೈಯಲ್ಲಿ ಬೊಂಬಾಯಿ ಹೈಕೋರ್ಟು ಬಿಡುಗಡೆ ಮಾಡಿತು. ಅವರ ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದಿತು. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ನಿಜ. ಆದರೆ ಹತ್ತೊಂಬತ್ತು ವರ್ಷಗಳ ಮೇಲೂ ಸತ್ತವರ ಮನೆಯವರಿಗೆ ಉತ್ತರ ದೊರೆತಿರಲಿಲ್ಲ. ಮನಸ್ಸು ಬಗೆಯುವ ಮದ್ದು ಅವರಿಗೆ ಕೊಟ್ಟ ನ್ಯಾಯ ಯಾವುದು?

ನಮ್ಮ ಕಚೇರಿಯಲ್ಲಿ ದಿನಕ್ಕೆ ಎಷ್ಟೋ ಕರಡುಗಳನ್ನು ಬರೆದು ಹರಿದು ಹಾಕುತ್ತೇವೆ. ಸಹಿಯಾಗಿ, ನಂಬರು ಬಿದ್ದು, ಡಿಸ್ಪ್ಯಾಚ್ ಆದ ಕಾಗದಕ್ಕೆ ಮಾತ್ರ ನಾವು ಜವಾಬ್ದಾರರು. ಯೋಚನೆ ಕರಡು, ಕೃತ್ಯ ರವಾನೆಯಾದ ಕಾಗದ. ಕಸದ ಬುಟ್ಟಿಯ ಕರಡು ಆಯ್ದು ಮೆಮೋ ಕೊಡುವ ಕಚೇರಿಯಲ್ಲಿ ಮರುದಿನದಿಂದ ಯಾರೂ ಪೆನ್ನು ಹಿಡಿಯಲಾರರು.

ಇದನ್ನೇ ಸುಪ್ರೀಂ ಕೋರ್ಟು 2010 ರ ಮೇ 5 ರಂದು, ಕರ್ನಾಟಕದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ, ಕಾನೂನಿನ ಭಾಷೆಯಲ್ಲಿ ಹೇಳಿದೆ. ನಾರ್ಕೋ, ಸುಳ್ಳುಪತ್ತೆ, ಮಿದುಳಿನ ಪರೀಕ್ಷೆ, ಯಾವುದನ್ನೂ ಬಲವಂತದಿಂದ ಮಾಡತಕ್ಕದ್ದಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕನ್ನು ಸಂವಿಧಾನದ 20(3) ನೇ ವಿಧಿ ಕೊಟ್ಟಿದೆ. 2025 ರ ಜೂನ್‌ನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಅದೇ ಕೋರ್ಟು ಇದನ್ನು ಪುನಃ ಹೇಳಬೇಕಾಯಿತು. ಮರೆಯುವವರು ಇದ್ದಾರೆಂದು ತಾನೆ ಇದರ ಅರ್ಥ?

ಒಪ್ಪಿಗೆಯಿದ್ದರೆ ಪರೀಕ್ಷೆ ಮಾಡಬಹುದು. ನಮ್ಮ ಚಿಂತೆ ಇರುವುದು ಇಲ್ಲಿಯೇ. ಊರಿಂದ ಬಂದು ಹೋಟೆಲಿನಲ್ಲಿ ದುಡಿಯುವ ಹುಡುಗ, ಮರಾಠಿಯೂ ಸರಿಯಾಗಿ ಬಾರದವನು, ಠಾಣೆಯಲ್ಲಿ ಕೂತು ಕೊಡುವ ಸಹಿ ಒಪ್ಪಿಗೆಯೇ? ವಕೀಲರ ನೆರವು ಇರಬೇಕು, ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಾಗಬೇಕು ಎಂಬ ನಿಯಮ ಅವನಿಗೆ ಯಾರು ಹೇಳುವರು? ನಾವೋ, ರಾತ್ರಿಯ ವಾರ್ತೆ ನೋಡುತ್ತ ‘ನಾರ್ಕೋ ಮಾಡಿಸಿಬಿಡಿ, ಎಲ್ಲ ಕಕ್ಕುತ್ತಾನೆ’ ಎನ್ನುತ್ತೇವೆ. ಮನೆಯಲ್ಲಿ ಉಂಗುರ ಕಾಣದಾದರೆ ಕೆಲಸದ ಬಾಯಿಯ ಮುಖ ನೋಡಿಯೇ ತೀರ್ಪು ಕೊಡುತ್ತೇವೆ. ಮಕ್ಕಳು ಕೇಳಿಸಿಕೊಂಡು ಅದೇ ನ್ಯಾಯವೆಂದು ತಿಳಿಯುತ್ತಾರೆ.

ಆ ಮಾತು ನಮ್ಮ ಬಾಯಲ್ಲಿ ಮೊದಲು ನಿಲ್ಲಲಿ. ಸಂಘದಲ್ಲಿ ವಕೀಲ ಮಿತ್ರರಿದ್ದಾರೆ. ಒಂದು ಭಾನುವಾರ ಹೋಟೆಲು, ಕ್ಯಾಂಟೀನುಗಳ ನಮ್ಮ ಹುಡುಗರನ್ನು ಕರೆದು ಕನ್ನಡದಲ್ಲಿ ಎರಡೇ ಮಾತು ಹೇಳಲಿ: ಪೊಲೀಸರು ಕರೆದರೆ ಹೋಗಿ, ಮನಸ್ಸಿನ ಪರೀಕ್ಷೆಗೆ ಸಹಿ ಕೇಳಿದರೆ, ‘ವಕೀಲರು ಬರಲಿ’ ಎನ್ನಿ.