ಜಕಾತಿನ ಹಣ ಶಾಲೆ–ಕಾಲೇಜಿಗೆ ಸಲ್ಲಬೇಕೇ?

‘ನಿಸಾಬ್’ ಎಂಬ ಕನಿಷ್ಠ ಮಿತಿಯನ್ನು ಮುಟ್ಟಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ, ಅದರ ಶೇ. 2.5ರಷ್ಟನ್ನು ಅರ್ಹರಿಗೆ ಕೊಡಲೇಬೇಕೆಂದು ಇಸ್ಲಾಂ ವಿಧಿಸಿರುವ ದಾನವೇ ಜಕಾತ್. ತುಮಕೂರಿನಲ್ಲಾಗಲಿ, ಗುಬ್ಬಿ–ಕುಣಿಗಲ್‌ಗಳಲ್ಲಾಗಲಿ ಇದು ರಂಜಾನ್ ತಿಂಗಳಲ್ಲಿ ಗೊತ್ತಿರುವ ಬಡವರ ಮನೆಗೋ, ರಸೀದಿ ಪುಸ್ತಕ ಹಿಡಿದು ಬರುವ ಮದರಸಾ ಪ್ರತಿನಿಧಿಗಳ ಕೈಗೋ ಸೇರುವುದು ವಾಡಿಕೆ. ಈ ಚಿಲ್ಲರೆ ಹಣವನ್ನು ಒಟ್ಟುಗೂಡಿಸಿ ಶಾಲೆ–ಕಾಲೇಜುಗಳ ಶಿಕ್ಷಣಕ್ಕೆ ತೊಡಗಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ದಾನದ ಹಣ ಒಂದೆಡೆ ಸೇರಿದರೆ ವಿದ್ಯೆಯಾಗಬಲ್ಲದು ಎಂಬುದಕ್ಕೆ ತುಮಕೂರು ಜಿಲ್ಲೆ ಹೊರಗಿನ ಸಾಕ್ಷ್ಯವನ್ನು ಹುಡುಕಬೇಕಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರ ದತ್ತಿ ವಿದ್ಯಾರ್ಥಿನಿಲಯಕ್ಕೂ ಆಸರೆಯಾಯಿತು. ಸಿದ್ಧಗಂಗಾ ಮಠವಂತೂ ಭಕ್ತರ ಕಾಣಿಕೆಯ ಬಲದಿಂದ ಜಾತಿ–ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಕೊಡುತ್ತ ಬಂದಿದೆ. ಮುಸ್ಲಿಮರಲ್ಲಿಯೂ 1919ರ ಭಟ್ಕಳದ ಅಂಜುಮನ್, 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಆರಂಭಿಸಿದ ಅಲ್-ಅಮೀನ್ ಸಂಸ್ಥೆಗಳು ಇದೇ ಹಾದಿ ಹಿಡಿದವು.

ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಗಳಲ್ಲಿ ಓದುವವರು ಶೇ. 3–4ರಷ್ಟು ಮಾತ್ರ ಎಂದು ದೇಶದ ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ 2006ರ ಸಾಚಾರ್ ಸಮಿತಿ ಗುರುತಿಸಿತ್ತು. ಉಳಿದವರೆಲ್ಲ ಓದುವ ಕಡೆಗೆ ದಾನ ಹರಿಯದಿರುವುದು ಅಸಂಗತ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗಳಿಗಷ್ಟೇ ಸೀಮಿತಗೊಳಿಸಿದ ಮೇಲೆ ಕೆಳಗಿನ ತರಗತಿಗಳ ಭಾರ ಮನೆಗಳ ಮೇಲೆಯೇ ಬಿತ್ತು. ಗುಬ್ಬಿಯಿಂದ ತುಮಕೂರಿಗೆ ಕಾಲೇಜಿಗೆ ಬರುವ ಹುಡುಗಿಗೆ 2023ರ ಜೂನ್‌ನಿಂದ ‘ಶಕ್ತಿ’ ಯೋಜನೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡು ಉಳಿಸಿದೆಯಾದರೂ, ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕಗಳನ್ನು ಅದು ಕೊಡದು. ಖುರ್‌ಆನ್ ಹೆಸರಿಸುವ 8 ಬಗೆಯ ಫಲಾನುಭವಿಗಳಲ್ಲಿ ‘ಅಲ್ಲಾಹನ ಮಾರ್ಗದಲ್ಲಿ’ ಎಂಬುದೂ ಒಂದಾಗಿದ್ದು, ಆಧುನಿಕ ವಿದ್ವಾಂಸರಲ್ಲಿ ಕೆಲವರು ವಿದ್ಯಾಪ್ರಸಾರವನ್ನೂ ಅದರಲ್ಲಿ ಸೇರಿಸುತ್ತಾರೆ.

ವಿರೋಧ

ಸುನ್ನಿ ಇಸ್ಲಾಮಿನ ಹನಫಿ ಪಂಥದ ಧರ್ಮಶಾಸ್ತ್ರ ‘ಅಲ್ಲಾಹನ ಮಾರ್ಗ’ದ ಅರ್ಥದ ಈ ಹಿಗ್ಗಿಸುವಿಕೆಯನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಜಕಾತ್ ಸಲ್ಲಬೇಕಾದರೆ ‘ತಮ್ಲೀಕ್’ ಆಗಬೇಕು, ಅಂದರೆ ಹಣದ ಪೂರ್ಣ ಒಡೆತನ ಬಡವನೊಬ್ಬನಿಗೆ ವರ್ಗಾವಣೆಯಾಗಬೇಕು. ಕಟ್ಟಡಕ್ಕೆ, ಶಿಕ್ಷಕರ ಸಂಬಳಕ್ಕೆ, ಬೆಂಚಿಗೆ ಅಂಥ ಒಡೆತನ ಸಿಗಲಾರದು. ರಸೀದಿಯಲ್ಲಿ ಜಕಾತ್, ಫಿತ್ರಾ (ರಂಜಾನ್ ಕೊನೆಯ ದಾನ), ಸದಖಾ (ಸಾಮಾನ್ಯ ದಾನ), ಲಿಲ್ಲಾಹ್ ಎಂದು ಬೇರೆ ಬೇರೆ ಕಾಲಂಗಳಿರುವುದು ಈ ಕಾರಣಕ್ಕೇ: ಐಚ್ಛಿಕವಾದ ಲಿಲ್ಲಾಹ್ ಹಣದಿಂದ ಗೋಡೆ ಕಟ್ಟಬಹುದು, ಜಕಾತಿನಿಂದ ಕಟ್ಟುವಂತಿಲ್ಲ. ಬಡ ವಿದ್ಯಾರ್ಥಿಯ ಕೈಗೆ ಹಣವಿಟ್ಟು ಅವನಿಂದಲೇ ಸಂಸ್ಥೆಗೆ ಮರಳಿ ಪಡೆಯುವ ‘ಹೀಲಾ’ ಎಂಬ ಉಪಾಯವೂ ರೂಢಿಯಲ್ಲಿದೆ. ಲೆಕ್ಕ ಸರಿಹೋದರೂ ಅದರಲ್ಲಿ ಬಡವ ಬರೀ ನೆಪ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಹಣ ಸಮಿತಿಯ ಕೈಸೇರಿದೊಡನೆ ಅಂಕಪಟ್ಟಿ ಮುಂದೆ ಬರುತ್ತದೆ ಎಂಬುದು. ಜಕಾತ್ ಬಡತನ ನೋಡಿ ಸಲ್ಲುವ ಹಕ್ಕೇ ಹೊರತು ಬಹುಮಾನವಲ್ಲ, ಶೇ. 85 ಅಂಕ ಕೇಳುವ ಅರ್ಜಿಯೆದುರು ಬೀಡಿ ಕಟ್ಟಿ ಬದುಕುವ ವಿಧವೆಯೂ ಸಾಲದಲ್ಲಿ ಮುಳುಗಿದವನೂ ಅನರ್ಹರಾಗಿಬಿಡುತ್ತಾರೆ. 6ರಿಂದ 14ರ ವಯಸ್ಸಿನವರ ಶಿಕ್ಷಣ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರದ ಹೊಣೆಯಾಗಿರುವಾಗ, ದಾನ ಆ ಜಾಗ ತುಂಬಿದಷ್ಟೂ ಸರ್ಕಾರಕ್ಕೆ ಜಾರಿಕೊಳ್ಳಲು ದಾರಿಯಾಗುತ್ತದೆ. ಸಂಸ್ಥೆ ಕಟ್ಟಲು ವಕ್ಫ್, ಅಂದರೆ ಶಾಶ್ವತವಾಗಿ ಧರ್ಮಕಾರ್ಯಕ್ಕೆ ಬಿಟ್ಟ ಆಸ್ತಿಯೇ, ತಕ್ಕ ಮೂಲ; ದೇಶದ ವಕ್ಫ್ ಆಸ್ತಿಗಳಿಂದ ಆಗ ವರ್ಷಕ್ಕೆ ಸುಮಾರು 163 ಕೋಟಿ ರೂಪಾಯಿ ಮಾತ್ರ ಬರುತ್ತಿತ್ತು, ಸರಿಯಾಗಿ ನಿರ್ವಹಿಸಿದರೆ 12,000 ಕೋಟಿ ಬರಬಹುದು ಎಂದು ಅಂದಾಜಿಸಿದ್ದು ಅದೇ ಸಾಚಾರ್ ಸಮಿತಿ.

ಆದರೆ ತಮ್ಲೀಕ್‌ನ ವಾದ ಕಟ್ಟಡಕ್ಕೆ ತಗಲುವಷ್ಟು ಶುಲ್ಕಕ್ಕೆ ತಗಲುವುದಿಲ್ಲ. ಬಡ ವಿದ್ಯಾರ್ಥಿನಿಯ ಸ್ವಂತ ಖಾತೆಗೆ ಜಮೆಯಾಗಿ, ಅವಳೇ ಕಾಲೇಜಿನಲ್ಲಿ ಕಟ್ಟುವ ಹಣದಲ್ಲಿ ತಮ್ಲೀಕ್ ಆಗಿಯೇ ಇರುತ್ತದೆ. ಇದನ್ನು ಹನಫಿ ವಿದ್ವಾಂಸರೂ ಅಲ್ಲಗಳೆಯುವುದಿಲ್ಲ. ಬಾಕಿ ಉಳಿಯುವ ತಕರಾರು, ಆ ಹೆಸರುಗಳ ಪಟ್ಟಿಯನ್ನು ಅಂಕದ ಮೇಲೆ ಬರೆಯಬೇಕೋ ಮನೆಯ ಆದಾಯದ ಮೇಲೆಯೋ ಎಂಬುದರದ್ದು.