ಒಂದು ಗುಟುಕಿನ ವಿಚಾರ

ಪ್ರಿಯ ಶಿಷ್ಯರೇ, ಜಪಾನಿನಲ್ಲಿ ನೆಲೆಸಿರುವ ನಿಮ್ಮಲ್ಲೊಬ್ಬನು ಬೆಳಗಾವಿಯ ನಮ್ಮ ಮನೆಗೆ ಬಂದು, ಸಂಕೋಚದಿಂದಲೇ 'ತಾಕೆತ್ಸುರು ಪ್ಯೂರ್ ಮಾಲ್ಟ್' ವಿಸ್ಕಿಯ ಶೀಸೆಯನ್ನು ಮೇಜಿನ ಮೇಲಿರಿಸಿದನು. ಖಾನಾಪುರದಲ್ಲಿ ಸಾರಾಯಿಯ ಕೇಡನ್ನು ಬೋಧಿಸಿದ ಮಾಸ್ತರನು ನಾನು!

ಆದರೂ ಅವನು ಹೇಳಿದ ಕಥೆ ಕುತೂಹಲ ಮೂಡಿಸಿತು. ಸಾಕೆ ಮದ್ಯ ತಯಾರಿಸುವ ಮನೆತನದ ಮಸತಾಕ ತಾಕೆತ್ಸುರು 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಈ ವಿದ್ಯೆ ಕಲಿತು, 1934ರಲ್ಲಿ ಹೊಕ್ಕೈಡೋದ ಯೋಯಿಚಿಯಲ್ಲಿ ಭಟ್ಟಿ ಸ್ಥಾಪಿಸಿದರು. ಅಲ್ಲಿಯ ಹಾಗೂ ಮಿಯಾಗಿಕ್ಯೋ ಭಟ್ಟಿಯ ಮಾಲ್ಟುಗಳ ಮಿಶ್ರಣವಿದು. ಮೊಳಕೆ ಬರಿಸಿದ ಬಾರ್ಲಿಯ ಹೊರತು ಬೇರೆ ಧಾನ್ಯದ ಮದ್ಯ ಇದರಲ್ಲಿ ಸೇರದು.

ಮೊದಲು ಮೂಸಿ, ನಾಲ್ಕು ಹನಿ ನೀರು ಬೆರೆಸಿ, ಒಂದೇ ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿದೆ. ಹಣ್ಣಿನ ಸಿಹಿ, ಮರದ ಪರಿಮಳ, ಕಡೆಗೆ ತೆಳುವಾದ ಹೊಗೆ.

ಆಗ ನೆನಪಾದವನು ತಂದೆಯ ಕುಡಿತದಿಂದಾಗಿ ಏಳನೆಯ ಇಯತ್ತೆಯಲ್ಲೇ ಶಾಲೆ ಬಿಟ್ಟ ಖಾನಾಪುರದ ಹುಡುಗ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅವನ ಪಾಲಿಗೆ ಅದು ಬಹಳ ತಡವಾಗಿತ್ತು. ಆ ತಂದೆ ಕುಡಿದದ್ದು ರುಚಿಗಲ್ಲ, ದಣಿವನ್ನು ಮರೆಯಲು.

ಆಸ್ವಾದನೆಯೂ ಒಂದು ವಿದ್ಯೆಯೆಂದು ಒಪ್ಪುತ್ತೇನೆ. ಆದರೆ ಶೀಸೆಯ ಬೆಲೆ ಹೆಚ್ಚಿದ ಮಾತ್ರಕ್ಕೆ ಕುಡಿತವನ್ನು ಸಂಸ್ಕಾರವೆಂದು ಕರೆಯಲಾರೆ. ಗುಟುಕು ಚೆನ್ನಾಗಿತ್ತೆಂದು ಅವನಿಗೆ ಹೇಳಿದೆ. ಶೀಸೆಯನ್ನು ಅವನ ಕೈಗೇ ಮರಳಿಸಿದೆ.