ಮುಂದಿನ ಸಾಂಕ್ರಾಮಿಕದಲ್ಲಿ ಒಂದು ಓ.ಟಿ.ಯಾದರೂ ತೆರೆದಿರಲಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಾನು ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಜನರಲ್ ಸರ್ಜರಿ ಕಲಿಸುವವನು. ಕೋವಿಡ್ ಕಾಲದ ಆಮ್ಲಜನಕ, ಹಾಸಿಗೆ, ಲಸಿಕೆಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆಗ ನಿಂತುಹೋದ ಆಪರೇಷನ್‌ಗಳ ಬಗ್ಗೆ, ಆ ವರ್ಷಗಳಲ್ಲೇ ಸರ್ಜರಿ ಕಲಿಯಬೇಕಿದ್ದ ಸ್ನಾತಕೋತ್ತರ ವಿದ್ಯಾರ್ಥಿಗಳಾದ ಪಿ.ಜಿ.ಗಳ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ. ಹಾಗಾಗಿ ತಮಗೆ ಬರೆಯುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಅದೇ ತಿಂಗಳು ಲಾಕ್‌ಡೌನ್ ಬಂತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ಜಿಲ್ಲೆಗಳ ಬೋಧಕ ಆಸ್ಪತ್ರೆಗಳಲ್ಲೂ ವಾರ್ಡುಗಳು ಕೋವಿಡ್ ವಾರ್ಡುಗಳಾದವು. ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಆಗಿನ ಎಚ್ಚರಿಕೆಗೆ ಕಾರಣವಿತ್ತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮುಂದಾಳತ್ವದ 'ಕೋವಿಡ್‌ಸರ್ಜ್' ಬಳಗ ಆ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕಿನ ಹೊತ್ತಿನಲ್ಲಿ ಆಪರೇಷನ್ ಆದವರ ಪೈಕಿ ಶೇ 23.8ರಷ್ಟು ಜನ 30 ದಿನಗಳೊಳಗೆ ತೀರಿಕೊಂಡಿದ್ದರು. ಬಿಕ್ಕಟ್ಟು ತೀವ್ರವಾಗಿರುವ 12 ವಾರಗಳಲ್ಲೇ ಜಗತ್ತಿನಾದ್ಯಂತ 2.8 ಕೋಟಿಗೂ ಹೆಚ್ಚು ಶಸ್ತ್ರಚಿಕಿತ್ಸೆಗಳು ರದ್ದಾಗಬಹುದು ಅಥವಾ ಮುಂದೂಡಿಕೆಯಾಗಬಹುದು ಎಂದು ಅಂದಾಜು ಮಾಡಿದ್ದೂ ಇದೇ ಬಳಗ.

ಮುಂದೂಡಿದ ಕಾಯಿಲೆ ಇದ್ದ ಜಾಗದಲ್ಲೇ ಕಾಯುತ್ತ ಕೂರುವುದಿಲ್ಲ. ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡು ಕಪ್ಪಾದ ಮೇಲೆ ರೋಗಿ ಬರುತ್ತಿದ್ದರು. ಅಪೆಂಡಿಕ್ಸಿಗೆ ಮನೆಯಲ್ಲೇ ಮಾತ್ರೆ ನುಂಗಿದವರು ಅದು ಒಡೆದು ಹೊಟ್ಟೆಯೆಲ್ಲ ಕೀವಾದ ಮೇಲೆ ಬಂದರು. ಸಕ್ಕರೆ ಕಾಯಿಲೆಯ ರೈತರಿಗೆ ಬಸ್ಸಿಲ್ಲದೆ ಡ್ರೆಸ್ಸಿಂಗ್ ತಪ್ಪಿತು. ಒಂದು ಬೆರಳು ತೆಗೆದಿದ್ದರೆ ಮುಗಿಯುತ್ತಿದ್ದ ಕಡೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಇವು ಯಾವುವೂ ಕೋವಿಡ್ ಬುಲೆಟಿನ್ನಿನಲ್ಲಿ ಬರಲಿಲ್ಲ.

ಇನ್ನು ಕಲಿಕೆ. ಸರ್ಜರಿಯ ಪಿ.ಜಿ. ಪದವಿ ಎಂ.ಎಸ್. ಮೂರು ವರ್ಷದ್ದು. ಮೊದಲ ವರ್ಷ ರಿಟ್ರ್ಯಾಕ್ಟರ್ ಹಿಡಿದು ನೋಡುತ್ತಾರೆ, ಚರ್ಮಕ್ಕೆ ಹೊಲಿಗೆ ಹಾಕುತ್ತಾರೆ. ಎರಡನೆಯ ವರ್ಷ ಹಿರಿಯರ ಕೈ ಪಕ್ಕದಲ್ಲಿರುವಾಗ ಹೈಡ್ರೋಸೀಲ್, ಹರ್ನಿಯಾ, ಅಪೆಂಡಿಕ್ಸ್. ಮೂರನೆಯ ವರ್ಷ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ. ಇಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದರ ಮೇಲೆ ಕಾಲು ನಿಲ್ಲದು. ಕೋವಿಡ್ ಬಂದಾಗ ಆಪರೇಷನ್ ಥಿಯೇಟರಿನೊಳಗೆ (ಓ.ಟಿ.) ಜನ ಆದಷ್ಟು ಕಡಿಮೆ ಇರಬೇಕೆಂಬ ನಿಯಮ ಬಂತು. ಅನುಭವವಿದ್ದವರೇ ಬೇಗ ಮುಗಿಸಬೇಕು, ಜೊತೆಗೆ ಒಬ್ಬ ಸಹಾಯಕ ಸಾಕು. ಪಿ.ಜಿ. ಹೊರಗುಳಿದರು. ಹೊಟ್ಟೆಗೆ ತುಂಬುವ ಅನಿಲದ ಜೊತೆ ವೈರಸ್ ಹೊರಬಂದೀತೆಂಬ ಭಯಕ್ಕೆ ಲ್ಯಾಪರೋಸ್ಕೋಪಿಯನ್ನೂ ಬಹಳ ಕಡೆ ನಿಲ್ಲಿಸಿದರು. ಅಪರೂಪಕ್ಕೆ ಪಿ.ಜಿ. ಒಳಗಿದ್ದರೂ ಕಲಿಸುವುದು ಸಾಧ್ಯವಾಗುತ್ತಿರಲಿಲ್ಲ. ಎನ್-95 ಮಾಸ್ಕು, ಮುಖಗವಚದ ಹಿಂದಿನಿಂದ ಮಾತು ಕೇಳಿಸದು. ಕನ್ನಡಕಕ್ಕೆ ಮಂಜು ಕವಿದು ಕಣ್ಣು ಕಾಣದು. 'ಇಲ್ಲಿ ನರ ಇದೆ ನೋಡು, ಇದನ್ನು ಬಿಡಿಸಿಕೋ' ಎಂದು ಆಪರೇಷನ್ ಮಾಡುತ್ತಲೇ ಹೇಳಿಕೊಡುವುದರಲ್ಲಿ ನಮ್ಮ ಪಾಠ ಅರ್ಧ ಮುಗಿಯುತ್ತದೆ. ಅದೇ ನಿಂತಿತು.

ಆ ಹೊತ್ತಿನಲ್ಲಿ ಪಿ.ಜಿ.ಗಳು ಸುಮ್ಮನಿರಲಿಲ್ಲ. ಸ್ವ್ಯಾಬ್ ತೆಗೆದರು, ಐ.ಸಿ.ಯು.ನಲ್ಲಿ ರಾತ್ರಿ ಕಳೆದರು, ಆಮ್ಲಜನಕದ ಮಟ್ಟ ನೋಡುತ್ತ ವಾರ್ಡು ಸುತ್ತಿದರು. ಆ ಸೇವೆಯನ್ನು ಮರೆತರೆ ನಾವು ಕೃತಘ್ನರಾಗುತ್ತೇವೆ. ಹೊಸ ಬ್ಯಾಚು ಬರುವುದೂ ತಡವಾಯಿತು: 2021ರ ಏಪ್ರಿಲ್ 18ಕ್ಕಿದ್ದ, ಪಿ.ಜಿ. ಪ್ರವೇಶದ ನೀಟ್-ಪಿಜಿ ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ನಡೆಯಿತು. ಕೌನ್ಸೆಲಿಂಗ್ ಶುರುವಾದದ್ದು ಸುಪ್ರೀಂ ಕೋರ್ಟ್ ಆದೇಶದ ನಂತರ, 2022ರ ಜನವರಿಯಲ್ಲಿ. ಅಲ್ಲಿಯವರೆಗೆ ಮೂರು ಬ್ಯಾಚಿನ ಕೆಲಸವನ್ನು ಎರಡು ಬ್ಯಾಚುಗಳು ಹೊತ್ತವು.

ಇ.ಎನ್.ಟಿ.ಯವರ ಕಥೆ ಬೇರೆಯೇ. ಎರಡನೆಯ ಅಲೆಯ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರದ ಪ್ರಕರಣಗಳು 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರ ದಾಟಿದ್ದವು. ಗುರುಗಳೂ ತಮ್ಮ ಜೀವಮಾನದಲ್ಲಿ ಕಂಡಿರದಷ್ಟು ಸೈನಸ್ ಆಪರೇಷನ್‌ಗಳನ್ನು ಆ ಪಿ.ಜಿ.ಗಳು ಕೆಲವೇ ತಿಂಗಳಲ್ಲಿ ಕಂಡರು. ಟಾನ್ಸಿಲ್, ಕಿವಿಯ ತಮಟೆಯ ದುರಸ್ತಿ ಮಾತ್ರ ಕೈಗೆ ಸಿಗಲಿಲ್ಲ.

ಸರ್ಜರಿ ಪಿ.ಜಿ.ಗಳ ಪರೀಕ್ಷೆ ಮುಗಿಯಿತು, ಪದವಿ ಬಂತು. ಗಂಟು ಹಾಕುವುದನ್ನು ಕುರ್ಚಿಯ ಕೈಗೆ ದಾರ ಕಟ್ಟಿ ಕಲಿಯಬಹುದು, ಆನ್‌ಲೈನ್ ತರಗತಿಯಲ್ಲಿ ಹಂತಗಳನ್ನು ಬಾಯಿಪಾಠ ಮಾಡಬಹುದು. ರಕ್ತ ಚಿಮ್ಮಿದಾಗ ಗಾಬರಿಯಾಗದೆ ಬೆರಳಿಟ್ಟು ಒತ್ತಿ ಹಿಡಿಯುವುದನ್ನು ಹಾಗೆ ಕಲಿಯಲಾಗದು. ಇವರಲ್ಲಿ ಹಲವರು ಕಡ್ಡಾಯ ಸೇವೆಯ ಮೇಲೆ ನೇರ ತಾಲ್ಲೂಕು ಆಸ್ಪತ್ರೆಗೆ ಹೋದರು. ಅಲ್ಲಿ ಪಕ್ಕದಲ್ಲಿ ಕೇಳಲು ಹಿರಿಯ ಸರ್ಜನ್ ಇರುವುದೇ ಅಪರೂಪ. ಧೈರ್ಯ ಸಾಲದಿದ್ದಾಗ ಅವರು 'ರೆಫರ್' ಎಂದು ಬರೆಯುತ್ತಾರೆ; ಸಾಲ ಮಾಡಿ ಆಂಬುಲೆನ್ಸ್ ಹಿಡಿದು ಜಿಲ್ಲಾ ಕೇಂದ್ರಕ್ಕೆ ಓಡುವುದು ರೋಗಿಯ ಮನೆಯವರು. ಆ ಯುವ ವೈದ್ಯರನ್ನು ದೂಷಿಸುವುದು ಅನ್ಯಾಯ. ಅವರಿಗೆ ಸಿಗಬೇಕಾದದ್ದನ್ನು ನಾವು ಕೊಟ್ಟಿಲ್ಲ, ಇನ್ನೂ ಕೊಡಬಹುದು. 2018ರಿಂದ 2020ರವರೆಗೆ ಪಿ.ಜಿ. ಸೇರಿದವರಲ್ಲಿ ಬೇಕೆಂದವರಿಗೆ ಸಂಬಳ ಕಡಿಯದೆ, ಅವಮಾನವಾಗದ ರೀತಿಯಲ್ಲಿ, ಕೆಲಸ ಹೆಚ್ಚಿರುವ ಸರ್ಜರಿ ಯೂನಿಟ್ಟಿನಲ್ಲಿ ಕೆಲವು ತಿಂಗಳು ಹಿರಿಯರೊಂದಿಗೆ ದುಡಿಯುವ ಅವಕಾಶ ಮಾಡಿಕೊಡಿ.

ಮುಂದಿನ ಸಾಂಕ್ರಾಮಿಕದ ಯೋಜನೆ ಬರೆಯುವಾಗ, ಬೋಧಕ ಆಸ್ಪತ್ರೆಯನ್ನು ಪೂರ್ತಿಯಾಗಿ ಒಂದೇ ರೋಗಕ್ಕೆ ಬಿಟ್ಟುಕೊಡಬೇಡಿ. ಅನಿವಾರ್ಯವಾದರೆ ಜಿಲ್ಲೆಯ ಇನ್ನೊಂದು ಆಸ್ಪತ್ರೆಯ ಓ.ಟಿ.ಯನ್ನು ಸೋಂಕಿಲ್ಲದವರಿಗೆ ಮೀಸಲಿಟ್ಟು, ಸರ್ಜರಿ ಯೂನಿಟ್ಟನ್ನು ಪಿ.ಜಿ.ಗಳ ಸಮೇತ ಅಲ್ಲಿಗೆ ಕಳಿಸಿ. ಪಿ.ಜಿ.ಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುವ ನಿಯಮ ಈಗಾಗಲೇ ಇದೆ, ಅದನ್ನೇ ವಿಸ್ತರಿಸಿದರಾಯಿತು. ಒಬ್ಬ ಸರ್ಜರಿ ಪಿ.ಜಿ.ಯನ್ನು ಸತತವಾಗಿ ಎಷ್ಟು ವಾರ ಸೋಂಕಿನ ವಾರ್ಡಿನಲ್ಲಿ ಇರಿಸಬಹುದು ಎಂಬುದಕ್ಕೂ ಮಿತಿ ಬೇಕು. ಇದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮುಂದೆ ತಾವೇ ಇಡಬೇಕೆಂದು ಕೋರುತ್ತೇನೆ.

ಆದ ನಷ್ಟ ಎಷ್ಟೆಂದು ತಿಳಿಯಲು ದೊಡ್ಡ ಸಮಿತಿ ಬೇಕಿಲ್ಲ. ಸರ್ಕಾರಿ ಕಾಲೇಜುಗಳ ಸರ್ಜರಿ ಮುಖ್ಯಸ್ಥರನ್ನು ಒಂದು ದಿನ ವಿಕಾಸಸೌಧಕ್ಕೆ ಕರೆಸಿ. 2019ರಿಂದ 2022ರವರೆಗಿನ ಓ.ಟಿ. ರಿಜಿಸ್ಟರುಗಳನ್ನು ತರಲು ಹೇಳಿ. ಯಾವ ಆಪರೇಷನ್ ಎಷ್ಟು ಇಳಿಯಿತು, ಪಿ.ಜಿ.ಯ ಹೆಸರು ಎಷ್ಟು ಕಡೆ ಇದೆ ಎಂಬುದು ಅದರಲ್ಲೇ ಸಿಗುತ್ತದೆ.

ತಮ್ಮ ವಿಶ್ವಾಸಿ,
ಸರ್ಕಾರಿ ವೈದ್ಯಕೀಯ ಕಾಲೇಜಿನ ಒಬ್ಬ ಸರ್ಜರಿ ಅಧ್ಯಾಪಕ